ಸ್ಯಾಟ್ ಪ್ರಬಂಧದ ಕೋಚಿಂಗ್‌ಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಅಮೆರಿಕದ ಕಾಲೇಜಿಗೆ ಮಕ್ಕಳನ್ನು ಕಳಿಸಬೇಕು ಅಂತ ಹುಬ್ಬಳ್ಳಿ-ಧಾರವಾಡದಲ್ಲಿ ಸ್ಯಾಟ್, ಎಸಿಟಿ ಅನ್ನೋ ಪ್ರವೇಶ ಪರೀಕ್ಷೆಗಳಿಗೆ ಕೋಚಿಂಗ್ ಹುಡುಕುತ್ತಿದ್ದೀರಾ? ‘ಪ್ರಬಂಧದ ಸ್ಕೋರ್ ಏರಿಸಿಕೊಡ್ತೀವಿ’ ಅಂತ ಯಾರಾದರೂ ಬೇರೆ ಪ್ಯಾಕೇಜ್ ತೋರಿಸಿದರೆ ದಯವಿಟ್ಟು ಅವತ್ತೇ ದುಡ್ಡು ಕಟ್ಟಬೇಡಿ. ನಮ್ಮ ಅಕ್ಕನ ಮಗಳಿಗೆ ಆದದ್ದು ಬೇರೆ ಮಕ್ಕಳಿಗೆ ಆಗಬಾರದು.

ಅಕ್ಕನ ಮನೆ ಇರೋದು ವಿದ್ಯಾನಗರದಲ್ಲಿ. ಹುಡುಗಿ ಸೆಕೆಂಡ್ ಪಿಯುಸಿಯಲ್ಲಿದ್ದಾಗ ಒಂದು ಕೋಚಿಂಗ್ ಸೆಂಟರ್ ಸೇರಿದಳು. ಗಣಿತ, ಇಂಗ್ಲಿಷಿಗೆ ಒಂದು ಫೀಸು. ‘ಸ್ಯಾಟ್ ಪ್ರಬಂಧ’ ಅಂತ ಅದರ ಮೇಲೆ ಮತ್ತೆ 25,000 ರೂಪಾಯಿ. ಪಾಂಪ್ಲೆಟ್ ಮೇಲೆ ದಪ್ಪ ಅಕ್ಷರದಲ್ಲಿ ‘ಫುಲ್ ಸ್ಕೋರ್ ಗ್ಯಾರಂಟಿ’.

ಸ್ಯಾಟ್‌ನಲ್ಲಿ ಈಗ ಪ್ರಬಂಧವೇ ಇಲ್ಲ! 2021ರ ಜೂನ್ ಆದ ಮೇಲೆ ತೆಗೆದುಬಿಟ್ಟಿದ್ದಾರೆ. ಅಮೆರಿಕದ ಕೆಲವು ರಾಜ್ಯಗಳು ತಮ್ಮ ಶಾಲೆಗಳಲ್ಲಿ ನಡೆಸುವಾಗ ಉಳಿಸಿಕೊಂಡಿರಬಹುದು, ಇಲ್ಲಿಂದ ಬರೆಯುವ ನಮ್ಮ ಮಕ್ಕಳಿಗೆ ಇಲ್ಲ. ನೋಟ್ಸ್ ತಿರುವಿ ನೋಡಿದಾಗ ಇನ್ನೂ ಹೊಟ್ಟೆ ಉರಿಯಿತು. ‘25 ನಿಮಿಷದಲ್ಲಿ ನಿಮ್ಮ ಅಭಿಪ್ರಾಯ ಬರೆಯಿರಿ’ ಅಂತಿತ್ತು. ಅದು 2005ರಲ್ಲಿ ಬಂದ ಮಾದರಿ. 2016ರಲ್ಲಿ ಅದು ಹೋಗಿ 50 ನಿಮಿಷದ್ದು ಬಂತು. ಅದರಲ್ಲಿ ಸ್ವಂತ ಅಭಿಪ್ರಾಯ ಕೇಳುತ್ತಲೇ ಇರಲಿಲ್ಲ. ಕೊಟ್ಟ ಬರಹದ ಲೇಖಕರು ಓದುಗರನ್ನು ಹೇಗೆ ಒಪ್ಪಿಸುತ್ತಾರೆ ಅಂತ ಬಿಡಿಸಿ ಹೇಳಬೇಕಿತ್ತು. ಆಮೇಲೆ ಅದೂ ಹೋಯಿತು. ಇವರು ಮಾತ್ರ ಮೊದಲಿನದನ್ನೇ ಜೆರಾಕ್ಸ್ ಮಾಡಿ ಮಾರುತ್ತಿದ್ದರು.

ಅಕ್ಕ ಹೋಗಿ ಕೇಳಿದರೆ, ‘ಎಸಿಟಿಗೂ ಇದೇ ನಡಿತೈತ್ರಿ ಮೇಡಂ, ಬಾಯಿಪಾಠ ಮಾಡಸ್ರಿ ಸಾಕು’ ಅಂದರು.

ಎಸಿಟಿಯಲ್ಲಿ ಪ್ರಬಂಧ ಇದೆ, ಬೇಕಿದ್ದವರು ಮಾತ್ರ ಬರೆಯುವಂಥದ್ದು. 40 ನಿಮಿಷ. ಒಂದು ವಿಷಯ ಕೊಟ್ಟು ಅದರ ಬಗ್ಗೆ ಮೂರು ನಿಲುವು ಕೊಡುತ್ತಾರೆ. ನಿಮ್ಮ ನಿಲುವು ಹೇಳಿ, ಆ ಮೂರರಲ್ಲಿ ಒಂದಕ್ಕಾದರೂ ಅದು ಹೇಗೆ ಹೊಂದುತ್ತದೆ, ಎಲ್ಲಿ ಬೇರೆಯಾಗುತ್ತದೆ ಅಂತ ತೋರಿಸಬೇಕು. ವಿಚಾರ, ಅದಕ್ಕೆ ಕೊಟ್ಟ ಆಧಾರ, ಜೋಡಣೆ, ಭಾಷೆ ಹೀಗೆ ನಾಲ್ಕಕ್ಕೂ ಇಬ್ಬರು ಪರೀಕ್ಷಕರು ಬೇರೆ ಬೇರೆಯಾಗಿ 1ರಿಂದ 6ರವರೆಗೆ ಅಂಕ ಹಾಕುತ್ತಾರೆ. ಇಬ್ಬರದ್ದೂ ಕೂಡಿಸಿ, ನಾಲ್ಕರ ಸರಾಸರಿ ತೆಗೆದರೆ 12ಕ್ಕೆ ಇಷ್ಟು ಅಂತ ಬರುತ್ತದೆ. ಭಾಷೆ ಆ ನಾಲ್ಕರಲ್ಲಿ ಒಂದು ಅಷ್ಟೇ. ದೊಡ್ಡ ದೊಡ್ಡ ಪದ ಬಾಯಿಪಾಠ ಮಾಡಿ ಏನು ಬಂತು?

ಸೆಂಟರಿನ ‘ಟೆಂಪ್ಲೇಟ್’ ಹೇಗಿತ್ತು ಅಂದರೆ, ಮೊದಲ ಸಾಲು, ಕೊನೆಯ ಸಾಲು ರೆಡಿ, ನಡುವೆ ಖಾಲಿ ಜಾಗ. ಉದಾಹರಣೆಗಳೂ ರೆಡಿ. ಯಂತ್ರಗಳ ಬಗ್ಗೆ ಕೇಳಿದರೂ ಮಾರ್ಟಿನ್ ಲೂಥರ್ ಕಿಂಗ್, ಆರೋಗ್ಯದ ಬಗ್ಗೆ ಕೇಳಿದರೂ ಮಾರ್ಟಿನ್ ಲೂಥರ್ ಕಿಂಗ್. ಪಾಪ, ಹುಡುಗಿ ಎಸಿಟಿಯಲ್ಲಿ ಹಾಗೇ ಬರೆದು ಬಂದಳು. 12ಕ್ಕೆ 5 ಬಂತು.

ಆಮೇಲೆ ಮನೆಯಲ್ಲೇ ಕೂತು ಬರೆಸಿದೆವು. ಬುದ್ಧಿ ಇರುವ ಯಂತ್ರಗಳ ಬಗ್ಗೆ ಎಸಿಟಿಯವರದೇ ಒಂದು ಮಾದರಿ ಪ್ರಶ್ನೆ ಇದೆ. ಅವಳ ಅಜ್ಜ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಒಯ್ಯುತ್ತಾರೆ. ಅಲ್ಲಿ ಟೆಂಡರ್ ನಡೆಯುವುದು ಕಂಪ್ಯೂಟರಿನಲ್ಲಿ. ಅದರಿಂದ ರೈತರಿಗೆ ಏನು ಅನುಕೂಲ, ರೇಟು ಬಿದ್ದ ದಿನ ಅಜ್ಜ ಯಾರನ್ನು ಹೋಗಿ ಕೇಳಬೇಕು? ಇದನ್ನೇ ಬರಿ ಅಂದೆ. ಎಷ್ಟು ಚೆಂದ ಬರೆದಳು ಗೊತ್ತಾ! ಕಣ್ಣಾರೆ ನೋಡಿದ ವಿಷಯ ಅಲ್ವಾ, ವಾದ ತಾನಾಗೇ ಬೆಳೆಯಿತು. ಮುಂದಿನ ಸಲ 8 ಬಂತು.

ಇನ್ನೊಂದು ವಿಷಯ. ಎಸಿಟಿ ಪ್ರಬಂಧವನ್ನು ಬಹಳಷ್ಟು ಕಾಲೇಜುಗಳು ಕೇಳುವುದೇ ಇಲ್ಲ. ನಿಮ್ಮ ಪಟ್ಟಿಯಲ್ಲಿರುವ ಕಾಲೇಜುಗಳ ವೆಬ್‌ಸೈಟ್ ಮೊದಲು ನೋಡಿ. ಬೇಡ ಅಂದರೆ ಆ ಫೀಸೂ ಉಳಿಯಿತು, ಟೆನ್ಶನ್ನೂ ತಪ್ಪಿತು.

ಫೀಸು ವಾಪಸ್ ಕೇಳಿದ್ದಕ್ಕೆ ಸೆಂಟರಿನವರು ‘ರಿಫಂಡ್ ಇಲ್ಲ’ ಅಂತ ರಸೀದಿ ತೋರಿಸಿ ಕೈ ತೊಳೆದುಕೊಂಡರು. ನಿಮಗೂ ಹೀಗಾದರೆ ಸುಮ್ನೆ ಬಿಡಬೇಡಿ. ಕೋಚಿಂಗ್ ಸೆಂಟರುಗಳು ಸುಳ್ಳು ಗ್ಯಾರಂಟಿ ಕೊಟ್ಟು ಜಾಹೀರಾತು ಮಾಡುವಂತಿಲ್ಲ ಅಂತ 2024ರ ನವೆಂಬರ್‌ನಲ್ಲೇ ಕೇಂದ್ರದ ಮಾರ್ಗಸೂಚಿ ಬಂದಿದೆ. ಗ್ರಾಹಕರ ಸಹಾಯವಾಣಿ 1915. ಜಿಲ್ಲಾ ಗ್ರಾಹಕರ ಆಯೋಗಕ್ಕೂ ದೂರು ಕೊಡಬಹುದು. ನೀವು ಕಟ್ಟಿದ ಹಣ 5 ಲಕ್ಷದ ಒಳಗಿದ್ದರೆ ದೂರಿಗೆ ಶುಲ್ಕವಿಲ್ಲ. ರಸೀದಿ, ಪಾಂಪ್ಲೆಟ್, ವಾಟ್ಸಾಪ್ ಮೆಸೇಜ್ ಎಲ್ಲಾ ಎತ್ತಿಡಿ. ಅಕ್ಕನ ದೂರು ಬರೆದು ರೆಡಿಯಾಗಿದೆ, ಈ ವಾರ ಕೊಡುತ್ತೇವೆ.