ಟ್ರಂಕಿನ ಉಲನ್ ಖರ್ಚು ಮಾಡಿದ ವರ್ಷ: ಕಲಬುರಗಿಯಲ್ಲಿ ಕುಳಿತು ಹೆಣಿಗೆ ನೂಲುಗಳ ಒಂದು ವಿಮರ್ಶೆ

ಹೆಣಿಗೆ ನೂಲಿನ ವಿಮರ್ಶೆಗಳನ್ನು ಬಹುಮಟ್ಟಿಗೆ ಹೊಸ ಲಡಿಯನ್ನು ಬಿಚ್ಚಿ, ಬಣ್ಣ ನೋಡಿ, ಕೆನ್ನೆಗೆ ಒತ್ತಿ, ಅಂಗೈಯಗಲದ ಒಂದು ತುಂಡು ಹೆಣೆದು ಬರೆಯುತ್ತಾರೆ. ಇಲ್ಲಿ ಹೇಳಹೊರಟಿರುವ ನೂಲುಗಳು ವರ್ಷಗಳಿಂದ ಕೊಂಡು ತುಂಬಿಟ್ಟ ಒಂದು ತಗಡಿನ ಟ್ರಂಕಿನೊಳಗಿನವು. ಅವುಗಳನ್ನು ಹೋದ ಯುಗಾದಿಯಿಂದ ಈ ಯುಗಾದಿಯವರೆಗೆ ಹೆಣೆದು, ಒಗೆದು, ಬಳಸಿದವರ ಮಾತನ್ನೂ ಕೇಳಿ ಈ ತೀರ್ಮಾನಗಳಿಗೆ ಬಂದಿದ್ದೇನೆ. ಕಲಬುರಗಿಯಲ್ಲಿ ಮೇ ತಿಂಗಳ ಬಿಸಿಲು 42–43 ಡಿಗ್ರಿ ಮುಟ್ಟುತ್ತದೆ. ಸ್ವೆಟರ್ ಬೇಕೆನಿಸುವ ರಾತ್ರಿಗಳು ಡಿಸೆಂಬರ್, ಜನವರಿಯೊಳಗೇ ಮುಗಿದುಹೋಗುತ್ತವೆ. ಇಂಥ ಊರಿನಲ್ಲಿ ನೂಲು ಎಷ್ಟು ಮೆತ್ತಗಿದೆ ಎಂಬುದಕ್ಕಿಂತ, ಹೆಣೆದಾದ ಮೇಲೆ ಆ ವಸ್ತು ಕಪಾಟಿನಿಂದ ಹೊರಗೆ ಬರುತ್ತದೆಯೇ ಎಂಬುದನ್ನೇ ಮೊದಲು ನೋಡಬೇಕು. ಕೆಳಗೆ ಕೊಟ್ಟಿರುವ ಅಂಕಗಳೆಲ್ಲ ಆ ಲೆಕ್ಕದ ಮೇಲೆಯೇ ನಿಂತಿವೆ.

ವರ್ಷದ ಆರಂಭದಲ್ಲಿ ಇಟ್ಟುಕೊಂಡ ಗುರಿಗಳು ಮೂರು. ಟ್ರಂಕಿನಲ್ಲಿರುವ ನೂಲಿನ ತೂಕ ಅರ್ಧಕ್ಕೆ ಇಳಿಯಬೇಕು. ಹಿಡಿದ ಕೆಲಸ ಮುಗಿಸಲು ಬೇಕಾದುದನ್ನು ಬಿಟ್ಟು ಹೊಸದನ್ನು ಕೊಳ್ಳಬಾರದು. ಬಳಸುವವರು ಯಾರೆಂದು ಗೊತ್ತಾಗದೆ ಯಾವುದನ್ನೂ ಕಡ್ಡಿಗೆ ಏರಿಸಬಾರದು. ಇವುಗಳಲ್ಲಿ ತೂಕದ ಗುರಿಯೇ ಹೆಚ್ಚು ಉಪಯೋಗಕ್ಕೆ ಬಂತು. ಇಷ್ಟು ಸ್ವೆಟರ್, ಇಷ್ಟು ಟೊಪ್ಪಿಗೆ ಎಂದು ಎಣಿಸುವ ಲೆಕ್ಕ ಕಣ್ಣಿಗೆ ಮಣ್ಣೆರಚುತ್ತದೆ. ದೊಡ್ಡವರ ತುಂಬುತೋಳಿನ ಸ್ವೆಟರಿಗೆ 400ರಿಂದ 500 ಗ್ರಾಂ ನೂಲು ಬೇಕು, ಕೂಸಿನ ಒಂದು ಕುಲಾವಿಗೆ 30–40 ಗ್ರಾಂ ಸಾಕು. ಹತ್ತು ಕುಲಾವಿ ಹೆಣೆದವರ ಮನೆಯಲ್ಲಿ ಒಂದು ಸ್ವೆಟರಿನಷ್ಟೂ ನೂಲು ಕರಗಿರುವುದಿಲ್ಲ. ಆದ್ದರಿಂದ ನೂಲಿಗಿಂತ ಮೊದಲು ಶಿಫಾರಸು ಮಾಡಬೇಕಾದ ಸಾಮಾನೆಂದರೆ ಅಡುಗೆಮನೆಯ ಡಿಜಿಟಲ್ ತಕ್ಕಡಿ. ಉಳಿದ ಉಂಡೆಯನ್ನು ಎರಡು ತೋಳಿಗೆ ಸಮನಾಗಿ ಹಂಚುವುದಕ್ಕೂ, ಅರ್ಧ ಹೆಣೆದ ಕೆಲಸಕ್ಕೆ ಇನ್ನೆಷ್ಟು ನೂಲು ಹಿಡಿಯುತ್ತದೆಂದು ತಿಳಿಯುವುದಕ್ಕೂ ಅದಕ್ಕಿಂತ ನೆಟ್ಟಗಿನ ದಾರಿ ಇಲ್ಲ. ಕೊನೆಯ ಸಾಲುಗಳಿಗೆ ಮಾತ್ರ ಕಣ್ಣಳತೆ ಸಾಕು: ಒಂದು ಸಾಲಿಗೆ ಹೆಣಿಗೆಯ ಅಗಲದ ಮೂರು ಪಟ್ಟು ನೂಲು ಹೋಗುತ್ತದೆ, ನಾಲ್ಕು ಪಟ್ಟು ಇಟ್ಟುಕೊಂಡರೆ ಎದೆ ಹೊಡೆದುಕೊಳ್ಳುವುದಿಲ್ಲ.

ಟ್ರಂಕಿನ ತಳದಲ್ಲಿದ್ದ ಬಹಳಷ್ಟು ಲಡಿಗಳಿಗೆ ಚೀಟಿಯೇ ಇರಲಿಲ್ಲ. ಯಾವುದು ಉಣ್ಣೆ, ಯಾವುದು ಆಕ್ರಿಲಿಕ್ ಎಂದು ತಿಳಿಯಲು ಬೆರಳುದ್ದದ ಎಳೆಯನ್ನು ಚಿಮಟದಲ್ಲಿ ಹಿಡಿದು, ನೀರಿನ ಬಟ್ಟಲನ್ನು ಪಕ್ಕದಲ್ಲಿಟ್ಟುಕೊಂಡು ಸುಟ್ಟು ನೋಡುವುದು ಹಳೆಯ ಉಪಾಯ. ಉಣ್ಣೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ಬೆಂಕಿಯಿಂದ ದೂರ ಸರಿಸಿದರೆ ತಾನಾಗಿ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿ ಕಾಗದ ಸುಟ್ಟಂತೆ ಉರಿದು ಮೆತ್ತನೆಯ ಬೂದಿಯಾಗುತ್ತದೆ. ಆಕ್ರಿಲಿಕ್ ಕರಗುತ್ತ, ಕಪ್ಪು ಹೊಗೆ ಬಿಡುತ್ತ ಉರಿದು, ತಣ್ಣಗಾದಾಗ ಗಟ್ಟಿ ಮಣಿಯಂತೆ ಉಳಿಯುತ್ತದೆ. ಈ ಪರೀಕ್ಷೆಯಲ್ಲಿ ತಿಳಿದುಬಂದದ್ದು, ನಮ್ಮ ಕಡೆ ಉಲನ್ ಎಂದು ಕೇಳಿ ತಂದುದರಲ್ಲಿ ಮುಕ್ಕಾಲು ಪಾಲಿಗೂ ಕುರಿಗೂ ಯಾವ ಸಂಬಂಧವೂ ಇಲ್ಲ ಎಂಬುದು. ಕ್ಯಾಶ್ಮಿಲಾನ್ ಎಂದು ಮಾರಾಟವಾಗುವುದೂ ಆಕ್ರಿಲಿಕ್ಕೇ.

ಹಾಗೆಂದು ಆಕ್ರಿಲಿಕ್ಕನ್ನು ತಳ್ಳಿಹಾಕುವ ಕಾರಣವಿಲ್ಲ. ಲುಧಿಯಾನಾದಿಂದ ಬರುವ ವರ್ಧಮಾನ್, ಓಸ್ವಾಲ್ ಹೆಸರಿನ ಲಡಿಗಳು ಊರಿನ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಸುತ್ತಿನ ಅಂಗಡಿಗಳಲ್ಲಿ ಚಳಿಗಾಲದ ಮುಂಚೆ ಸುಲಭವಾಗಿ ಸಿಗುತ್ತವೆ, ಬಣ್ಣಗಳಿಗೆ ಬರವಿಲ್ಲ, ಬೆಲೆಯೂ ಕೈಗೆಟುಕುವಂಥದ್ದು. ತೊಟ್ಟಿಲ ಕಾರ್ಯಕ್ಕೆ ಒಯ್ಯುವ ಕುಲಾವಿ, ಕುಂಚಿಗೆ, ಕಾಲುಚೀಲಗಳಿಗೆ ಮೂರು ಎಳೆಯ ಮೆತ್ತನೆಯ ಆಕ್ರಿಲಿಕ್ ಹೇಳಿ ಮಾಡಿಸಿದಂತಿದೆ. ಕೂಸಿನ ಬಟ್ಟೆಯನ್ನು ದಿನವೂ ಒಗೆಯಬೇಕಾಗುತ್ತದೆ, ಬಾಣಂತಿಯ ಮನೆಯಲ್ಲಿ ಉಣ್ಣೆಯನ್ನು ಜೋಪಾನವಾಗಿ ಹಿಂಡುತ್ತ ಕೂರುವ ಪುರುಸೊತ್ತು ಯಾರಿಗೂ ಇರುವುದಿಲ್ಲ. ನುಸಿ ಹುಳು ಅಪ್ಪಟ ಆಕ್ರಿಲಿಕ್ಕನ್ನು ತಿನ್ನುವುದಿಲ್ಲವಾದ್ದರಿಂದ ಡಾಂಬರು ಗುಳಿಗೆಯ ಅಗತ್ಯವೂ ಬೀಳುವುದಿಲ್ಲ. ಇದು ಸಣ್ಣ ಮಾತಲ್ಲ: ಜಿ-ಸಿಕ್ಸ್-ಪಿ-ಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ಆ ಗುಳಿಗೆಯ ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು, ಆದ್ದರಿಂದ ಕೂಸಿನ ಬಟ್ಟೆಗಳ ನಡುವೆ ಅದನ್ನು ಇಡಲೇಬಾರದು. ಆಕ್ರಿಲಿಕ್ಕಿನ ದೋಷಗಳು ದೊಡ್ಡವರ ಉಡುಪಿನಲ್ಲಿ ಎದ್ದು ಕಾಣುತ್ತವೆ. ತೋಳು ಉಜ್ಜುವ ಕಡೆ ಬೇಗ ಗುಳ್ಳೆಗಟ್ಟುತ್ತದೆ, ಬಿಸಿ ಇಸ್ತ್ರಿ ತಾಗಿದರೆ ಹೆಣಿಗೆಯ ಪುಟಿತ ಸತ್ತು ಬಟ್ಟೆ ಜೋತುಬೀಳುತ್ತದೆ, ಬೆವರನ್ನಂತೂ ಕುಡಿಯುವುದೇ ಇಲ್ಲ. ಮಕ್ಕಳ ವಸ್ತುಗಳಿಗೆ ಐದಕ್ಕೆ ನಾಲ್ಕು, ದೊಡ್ಡವರದಕ್ಕೆ ಎರಡು.

ಈ ವರ್ಷ ಮನಸ್ಸು ಗೆದ್ದದ್ದು ನಾಲ್ಕು ಎಳೆಯ ಹತ್ತಿ ನೂಲು. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ತೂಕದ ಶೇ. 8ರ ಆಸುಪಾಸಿನಷ್ಟು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ಆಕ್ರಿಲಿಕ್ ಶೇ. 2ನ್ನು ದಾಟುವುದು ಕಷ್ಟ. ಈ ವ್ಯತ್ಯಾಸ ಏನೆಂದು ನೋಡಬೇಕಾದರೆ ಜೋಳದ ರೊಟ್ಟಿಯ ಬುಟ್ಟಿಗೆ ಒಂದೊಂದು ಹಾಸು ಹೆಣೆದು ನೋಡಬೇಕು. ಆಕ್ರಿಲಿಕ್ ಹಾಸಿನ ಮೇಲೆ ಇಟ್ಟ ಬಿಸಿ ರೊಟ್ಟಿಯ ಉಗಿ ಎಲ್ಲಿಯೂ ಹೋಗದೆ ಹನಿಗಟ್ಟಿ, ಕೆಳಗಿನ ರೊಟ್ಟಿ ಸ್ವಲ್ಪ ಹೊತ್ತಿನಲ್ಲಿಯೇ ಒದ್ದೆಯಾಗಿ ಮುರಿಯುತ್ತದೆ. ಹತ್ತಿಯ ಹಾಸಿನ ಮೇಲೆ ಉಗಿಯನ್ನು ನೂಲು ಹೀರಿ, ರೊಟ್ಟಿ ಊಟದ ಹೊತ್ತಿನವರೆಗೆ ಮೆತ್ತಗೆ, ಒಣಗಿದಂತೆಯೂ ಇಲ್ಲದೆ ನೆನೆದಂತೆಯೂ ಇಲ್ಲದೆ ಉಳಿಯುತ್ತದೆ. ಒಲೆಯ ಮೇಲಿನ ಬೋಗುಣಿ ಹಿಡಿಯುವ ಬಟ್ಟೆಗಂತೂ ಹತ್ತಿಯನ್ನೇ ಬಳಸಬೇಕು, ಕರಗುವ ನೂಲು ಅಂಗೈಗೆ ಅಂಟಿಕೊಂಡರೆ ಗಾಯ ಆಳವಾಗುತ್ತದೆ. ಇವುಗಳಲ್ಲದೆ ಮನೆಯವರಿಗೆ ತೋಳಿಲ್ಲದ ಮೇಲಂಗಿ, ಮಕ್ಕಳಿಗೆ ಬೇಸಿಗೆಯ ಅಂಗಿ ಹೆಣೆದದ್ದು ಈ ನೂಲಿನಲ್ಲೇ, ಮತ್ತು ಅವು ಜೂನ್ ಕಳೆದರೂ ಮೈಮೇಲಿದ್ದವು.

ಹತ್ತಿಗೆ ತನ್ನದೇ ಹಟವಿದೆ, ಅದನ್ನು ತಿಳಿದುಕೊಂಡೇ ಕಡ್ಡಿ ಹಿಡಿಯಬೇಕು. ಉಣ್ಣೆಯಂತೆ ಅದು ಎಳೆದರೆ ಹಿಂದಕ್ಕೆ ಬರುವುದಿಲ್ಲ. ಸೀದಾ–ಉಲ್ಟಾ ಪಟ್ಟಿಯನ್ನು ಮೈಯ ಭಾಗಕ್ಕೆ ಬಳಸಿದ ಕಡ್ಡಿಯಲ್ಲಿಯೇ ಹೆಣೆದರೆ ಸೊಂಟದ ಅಂಚು ಎರಡು ಒಗೆತಕ್ಕೆ ಗಂಟೆಯ ಬಾಯಿಯ ಹಾಗೆ ಅಗಲವಾಗುತ್ತದೆ. ಮೈಗೆ 10ನೆಯ ಸಂಖ್ಯೆಯ ಕಡ್ಡಿಯಾದರೆ ಪಟ್ಟಿಗೆ ಅದಕ್ಕಿಂತ ಸಣ್ಣದಾದ 12 ಹಿಡಿಯಬೇಕು. ನೂಲಿನ ತನ್ನದೇ ಭಾರಕ್ಕೆ ಉದ್ದವೂ ಇಳಿಯುತ್ತದೆ, ಹೀಗಾಗಿ 10 ಸೆಂಟಿಮೀಟರಿನ ಮಾದರಿ ತುಂಡನ್ನು ಹೆಣೆದು, ಒಗೆದು, ನೇತುಹಾಕಿ ಒಣಗಿಸಿ ಅಳೆದ ಮೇಲೆಯೇ ಕುಣಿಕೆಗಳ ಲೆಕ್ಕ ಹಾಕುವುದು ಒಳ್ಳೆಯದು. ಒಂದು ಅನಿರೀಕ್ಷಿತ ಲಾಭವೂ ಇದೆ: ಹತ್ತಿಯ ಸಾಂದ್ರತೆ ಆಕ್ರಿಲಿಕ್ಕಿಗಿಂತ ಹೆಚ್ಚು, ಅಷ್ಟೇ ಅಳತೆಯ ಅಂಗಿಗೆ ಹೆಚ್ಚು ಗ್ರಾಂ ಹಿಡಿಯುತ್ತದೆ, ಟ್ರಂಕಿನ ತೂಕ ಇಳಿಸುವ ಹಟ ತೊಟ್ಟವರಿಗೆ ಇದು ಅನುಕೂಲವೇ. ಬೇಸರದ ಸಂಗತಿಯೆಂದರೆ ಇದು ಊರಿನಲ್ಲಿ ಸಿಗದಿರುವುದು. ಸುತ್ತಲಿನ ಹೊಲಗಳಲ್ಲಿ ಹತ್ತಿ ಬೆಳೆಯುತ್ತದೆ, ನಿಜಾಮರ ಕಾಲದ ಬಟ್ಟೆ ಗಿರಣಿಯೊಂದರ ಹೆಸರು ಎಂ.ಎಸ್.ಕೆ. ಮಿಲ್ ಎಂದು ಬಡಾವಣೆಗೆ ಇನ್ನೂ ಅಂಟಿಕೊಂಡಿದೆ, ಆದರೂ ಹೆಣಿಗೆಯ ಹತ್ತಿ ನೂಲನ್ನು ಆನ್‌ಲೈನ್‌ನಲ್ಲಿ ತರಿಸಬೇಕು. ಬೆಲೆ ಆಕ್ರಿಲಿಕ್ಕಿಗಿಂತ ಹೆಚ್ಚಾದುದರಿಂದ ಅರ್ಧ ಅಂಕ ಕಳೆದು ನಾಲ್ಕೂವರೆ ಕೊಟ್ಟಿದ್ದೇನೆ.

ಅಪ್ಪಟ ಉಣ್ಣೆಯ ಲಡಿಗಳನ್ನು ಯಾರಿಗೆ ಹೆಣೆಯಬೇಕೆಂಬ ಪ್ರಶ್ನೆಗೆ ಉತ್ತರ ಕಲಬುರಗಿಯಲ್ಲಿ ಸಿಗಲಿಲ್ಲ, ಬೀದರಿನಲ್ಲಿ ಸಿಕ್ಕಿತು. ಅಲ್ಲಿ ಚಳಿಗಾಲದ ಕೆಲವು ರಾತ್ರಿಗಳಲ್ಲಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಕ್ಕೆ ಇಳಿಯುತ್ತದೆ, ನಸುಕಿನಲ್ಲಿ ಎದ್ದು ಅಂಗಳ ಗುಡಿಸುವ ನನ್ನ ಅತ್ತೆಯವರಿಗೆ ಶಾಲು ನಿಜವಾಗಿಯೂ ಬೇಕಿತ್ತು. ಮೆರಿನೋ ಎಂಬ ನಯವಾದ ಉಣ್ಣೆಯ ಮಿಶ್ರಣದ ಶಾಲು ಅವರಿಗೆ ಹಿಡಿಸಿತು. ಅದರ ಜೊತೆಯಲ್ಲಿಯೇ, ಕಂಬಳಿ ನೇಯುವವರಿಂದ ಪಡೆದ ಡೆಕ್ಕನಿ ಕುರಿಯ ಕೈನೂಲಿನ ಕಪ್ಪು ಕೊರಳಪಟ್ಟಿಯನ್ನೂ ಕೊಟ್ಟಿದ್ದೆ. ಅದನ್ನು ಸುತ್ತಿಕೊಂಡು ನೋಡಿ, ‘ಬೆಚ್ಚಗ ಅದ ಖರೆ, ಆದ್ರ ಕೊಳ್ಳಿಗಿ ಚುಚ್ತದವ್ವ’ ಎಂದು ಮಡಚಿ ಇಟ್ಟರು. ಅವರ ಮಾತು ಸರಿಯೇ. ಸುಮಾರು 30 ಮೈಕ್ರಾನ್ ದಪ್ಪ ದಾಟಿದ ಎಳೆಗಳು ಚರ್ಮಕ್ಕೆ ಒತ್ತಿದಾಗ ಬಾಗದೆ ಚುಚ್ಚುತ್ತವೆ, ನಮ್ಮ ಕಡೆಯ ಕಂಬಳಿ ಉಣ್ಣೆ ಒರಟು ಜಾತಿಯದು. ಆ ಉಣ್ಣೆಯ ಜಾಗ ಕೊರಳಲ್ಲ. ಕೂರುವ ಆಸನ, ಹೆಗಲ ಚೀಲ, ಬಾಗಿಲ ಹಾಸು ಇವುಗಳಿಗೆ ಅದರ ಗಟ್ಟಿತನವನ್ನು ಮೀರಿಸುವ ನೂಲನ್ನು ನಾನು ನೋಡಿಲ್ಲ. ಕೊಳ್ಳುವವರು ಗಂಜಿ ಹಾಕದ ನೂಲನ್ನೇ ಕೇಳಬೇಕು, ಏಕೆಂದರೆ ಕಂಬಳಿ ಮಗ್ಗದ ಉದ್ದೆಳೆಗಳಿಗಾಗಿ ಹುಣಸೆ ಬೀಜದ ಗಂಜಿ ಕೊಟ್ಟ ನೂಲು ಬಿರುಸಾಗಿ ಕಡ್ಡಿಯ ಮೇಲೆ ಮಾತು ಕೇಳುವುದಿಲ್ಲ.

ಉಣ್ಣೆಯನ್ನು ಒಗೆಯುವುದು ಬೇರೆಯೇ ಕಥೆ. ಅದರ ಎಳೆಯ ಮೇಲಿನ ಪೊರೆಗಳು ಬಿಸಿನೀರು, ಸೋಪು, ತಿಕ್ಕಾಟ ಮೂರೂ ಸೇರಿದಾಗ ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ದಪ್ಪವಾಗುತ್ತದೆ. ಬೋರಿನ ಗಡಸು ನೀರಿನಲ್ಲಿ ಸೋಪಿನ ಕಸರು ಕೂತು ಇನ್ನಷ್ಟು ಬಿರುಸಾಗುತ್ತದೆ. ಅಂಟುವಾಳದ ನೀರಿನಲ್ಲಿ ಅದ್ದಿ, ಹಿಂಡದೆ ಟವಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹರಡುವುದು ಸಾಕು. ಬೀದರಿಗೆ ನಾಲ್ಕು, ಕಲಬುರಗಿಗೆ ಎರಡು ಅಂಕ.

ಮಖಮಲ್ಲಿನಂತೆ ಮಿರುಗುವ ಚಿನೀಲ್ ನೂಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕುಣಿಕೆ ಕಣ್ಣಿಗೆ ಕಾಣುವುದಿಲ್ಲ, ಬಿಚ್ಚಲು ಹೋದರೆ ನವಿರೆಳೆಗಳು ಉದುರಿ ಒಳಗಿನ ದಾರ ಬತ್ತಲಾಗುತ್ತದೆ. ಒಂದು ಅಂಕ, ಅದೂ ಬಣ್ಣಕ್ಕೆ.

ಕಡ್ಡಿಗಳ ವಿಷಯದಲ್ಲಿ ನೀಲಗಿರಿಯ ಕೇತಿಯಲ್ಲಿ ತಯಾರಾಗುವ ಪೋನಿ ಕಡ್ಡಿಗಳು ಕೈಗೆ ಹೊಂದಿಕೊಂಡಿವೆ, ತುದಿ ನಯವಾಗಿದೆ, ಸಂಖ್ಯೆ ಅಳಿಸಿಹೋಗುವುದಿಲ್ಲ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಬೆವರುವ ಕೈಗೆ ಅಲ್ಯುಮಿನಿಯಂ ಜಾರುತ್ತದೆ, ಬಿದಿರಿನ ಕಡ್ಡಿ ಹಿಡಿತ ಕೊಡುತ್ತದೆ. ಅಂತರ್ಜಾಲದ ನಮೂನೆಗಳನ್ನು ನೋಡಿ ಹೆಣೆಯುವವರು ಸಂಖ್ಯೆಯ ಬದಲು ಮಿಲಿಮೀಟರನ್ನು ನೋಡಬೇಕು. ನಮ್ಮಲ್ಲಿ ನಡೆಯುವ ಬ್ರಿಟಿಷ್ ಪದ್ಧತಿಯಲ್ಲಿ ಸಂಖ್ಯೆ ಏರಿದಂತೆ ಕಡ್ಡಿ ಸಣ್ಣದಾಗುತ್ತದೆ, 8 ಎಂದರೆ 4 ಮಿಲಿಮೀಟರ್, 10 ಎಂದರೆ 3.25, ಅಮೆರಿಕದ ಪದ್ಧತಿ ಇದಕ್ಕೆ ತಿರುಗಾಮುರುಗಾ.

ಕೊಳ್ಳುವ ಜಾಗದ ಬಗ್ಗೆಯೂ ಒಂದು ಮಾತು. ಲಡಿಯ ಚೀಟಿಯ ಮೇಲೆ ಬಣ್ಣದ ಸಂಖ್ಯೆಯ ಜೊತೆಗೆ ಲಾಟ್ ಸಂಖ್ಯೆಯೂ ಇರುತ್ತದೆ. ಒಂದೇ ಬಣ್ಣ ಬೇರೆ ಬೇರೆ ಲಾಟಿನಲ್ಲಿ ಅದ್ದಿದಾಗ ಒಂದು ಛಾಯೆ ಆಚೀಚೆ ಆಗುತ್ತದೆ, ಅದು ಬಲ್ಬಿನ ಬೆಳಕಿನಲ್ಲಿ ಕಾಣದೆ ಅಂಗಳದ ಬಿಸಿಲಿನಲ್ಲಿ ಕಾಣುತ್ತದೆ. ಮಾರುಕಟ್ಟೆಯ ಅಂಗಡಿಯವರು ಕೇಳಿದರೆ ಕಟ್ಟು ಬಿಚ್ಚಿ ಒಂದೇ ಲಾಟಿನವನ್ನು ಆರಿಸಿಕೊಡುತ್ತಾರೆ, ಬಾಗಿಲಿಗೆ ತಂದು ನೋಡಲೂ ಬಿಡುತ್ತಾರೆ. ಆನ್‌ಲೈನ್ ಮಾರಾಟಗಾರರೊಬ್ಬರು ಒಂದೇ ಪೊಟ್ಟಣದಲ್ಲಿ ಎರಡು ಲಾಟಿನ ಹತ್ತಿಯನ್ನು ಕಳುಹಿಸಿ, ಬದಲಿಸಿ ಕೊಡಲು ಒಪ್ಪಲಿಲ್ಲ. ಎರಡನ್ನೂ ಎರಡೆರಡು ಸಾಲಿನಂತೆ ಬೆರೆಸಿ ಹೆಣೆದು ಛಾಯೆಯ ಗಡಿಯನ್ನು ಮುಚ್ಚಬೇಕಾಯಿತು.

ಎಲ್ಲ ಮುಗಿದ ಮೇಲೆ ಉಳಿಯುವ ನಿಂಬೆಗಾತ್ರದ ಉಂಡೆಗಳನ್ನು ಚೌಕಗಳಾಗಿ ಹೆಣೆದು ಜೋಡಿಸಿ ಹೊದಿಕೆ ಮಾಡುವುದು ರೂಢಿ. ಹಾಗೆ ಮಾಡುವಾಗ ನಾರಿನ ಜಾತಿ ಬೆರೆಯಬಾರದು, ಇಲ್ಲವಾದರೆ ಮೊದಲ ಒಗೆತದಲ್ಲಿ ಉಣ್ಣೆಯ ಚೌಕ ಕುಗ್ಗಿ, ಪಕ್ಕದ ಆಕ್ರಿಲಿಕ್ ಚೌಕ ಉಬ್ಬಿ ನಿಲ್ಲುತ್ತದೆ. ಉಣ್ಣೆಯ ಎರಡು ತುದಿಗಳನ್ನು ಬಿಡಿಸಿ, ನೀರು ಹನಿಸಿ, ಅಂಗೈಗಳ ನಡುವೆ ಬಿಸಿಯಾಗುವಷ್ಟು ತಿಕ್ಕಿದರೆ ಗಂಟಿಲ್ಲದೆ ಒಂದಾಗುತ್ತವೆ. ಆಕ್ರಿಲಿಕ್, ಹತ್ತಿಗಳಲ್ಲಿ ಇದು ನಡೆಯದು, ತುದಿಗಳನ್ನು ಸೂಜಿಯಿಂದ ಹೆಣಿಗೆಯೊಳಗೆ ತೂರಿಸಬೇಕು. ಆ ಬೇಸರದ ಕೆಲಸವನ್ನು ಲೆಕ್ಕಕ್ಕೆ ಹಿಡಿದರೆ ಚೂರು ಆಕ್ರಿಲಿಕ್ಕಿಗೆ ಬಾಗಿಲ ತೋರಣವೇ ವಾಸಿ.

ತೂಕದ ಗುರಿ ಪೂರ್ತಿಯಾಗಲಿಲ್ಲ, ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಇಳಿಯಿತು. ಬಳಸುವವರನ್ನು ಮೊದಲು ಗೊತ್ತುಮಾಡಿಕೊಳ್ಳುವ ಗುರಿ ವರ್ಷವಿಡೀ ನಿಂತಿತು, ಹೆಣೆದುದರಲ್ಲಿ ಆ ಕೊರಳಪಟ್ಟಿಯೊಂದನ್ನು ಬಿಟ್ಟು ಯಾವುದೂ ಕಪಾಟು ಸೇರದಿರುವುದಕ್ಕೆ ಅದೇ ಕಾರಣ. ಕೊಳ್ಳಬಾರದೆಂಬ ಗುರಿಯನ್ನು ಮಾತ್ರ ಮುಂದಿನ ವರ್ಷಕ್ಕೆ ತಿದ್ದಿದ್ದೇನೆ: ಹತ್ತಿ ನೂಲನ್ನು ಕೊಳ್ಳಬಹುದು, ಆದರೆ ಒಂದು ಉಡುಪಿಗೆ ಬೇಕಾದಷ್ಟನ್ನು, ಒಂದೇ ಲಾಟಿನಲ್ಲಿ, ಹಿಂದಿನದು ಕಡ್ಡಿಯಿಂದ ಇಳಿದ ಮೇಲೆ.