ನಾವೇ ಕಟ್ಟಿ ತೀರಿಸುವುದೋ, ಒಪ್ಪಂದ ಮಾಡಿಕೊಳ್ಳುವುದೋ?

ಕ್ರೆಡಿಟ್ ಕಾರ್ಡ್ ಬಾಕಿ ಮತ್ತು ಪರ್ಸನಲ್ ಲೋನ್ ಎರಡೂ ಒಟ್ಟಿಗೆ ತಲೆ ಮೇಲೆ ಕೂತಿದ್ದಾಗ ನಾನು ಎರಡು ದಾರಿಯನ್ನೂ ನಡೆದು ನೋಡಿದೆ. ಮೊದಲು ನಾನೇ ಲೆಕ್ಕ ಹಾಕಿಕೊಂಡು ಕಟ್ಟುತ್ತಾ ಬಂದೆ. ಆಮೇಲೆ ಕಾರ್ಡ್ ಬಾಕಿಯನ್ನು ಮಾತ್ರ ಕಡಿಮೆ ಬಡ್ಡಿಗೆ, ಕಂತಿನಲ್ಲಿ ತೀರಿಸುತ್ತೇನೆ ಅಂತ ಬ್ಯಾಂಕಿನ ಜೊತೆ ಲಿಖಿತ ಒಪ್ಪಂದ ಮಾಡಿಕೊಂಡೆ.

ನಾವೇ ಕಟ್ಟುವುದರಲ್ಲಿ ಒಂದು ದೊಡ್ಡ ಸುಖ ಇದೆ. ಕೈಯಲ್ಲಿ ಜಾಸ್ತಿ ಇದ್ದ ತಿಂಗಳು ಜಾಸ್ತಿ ಕಟ್ಟಬಹುದು. ವಾಯಿದೆ ತಪ್ಪದಿದ್ದರೆ ಕ್ರೆಡಿಟ್ ರಿಪೋರ್ಟಿನಲ್ಲಿ, ಅಂದರೆ ನಮ್ಮ ಸಾಲಗಳ ದಾಖಲೆಯಲ್ಲಿ, ಕಲೆ ಬೀಳುವುದಿಲ್ಲ. ಬಡ್ಡಿ ಕಡಿಮೆ ಇದ್ದ ಪರ್ಸನಲ್ ಲೋನ್‌ಗೆ ಇದೇ ಸರಿಯಾಗಿತ್ತು, ಅದನ್ನು ಹಾಗೇ ಮುಂದುವರಿಸಿದೆ.

ಕಾರ್ಡಿನ ವಿಷಯ ಬೇರೆ. ವರ್ಷಕ್ಕೆ 36% ಬಡ್ಡಿ ಅಂದರೆ ತಿಂಗಳಿಗೆ 3%. ಒಂದು ಲಕ್ಷ ಬಾಕಿಗೆ ಮೊದಲ ತಿಂಗಳು ಬಡ್ಡಿಯೇ 3,000. ನೀವು 3,500 ಕಟ್ಟಿದರೆ ಅಸಲಿನಿಂದ ಇಳಿಯುವುದು ಬರೀ 500. ಹೊಸದಾಗಿ ಒಂದು ಪೈಸೆ ಖರ್ಚು ಮಾಡದೆ, ಪ್ರತಿ ತಿಂಗಳು ಅಷ್ಟೇ ಕಟ್ಟುತ್ತಾ ಹೋದರೂ ತೀರಲು ಸುಮಾರು 66 ತಿಂಗಳು ಬೇಕು. ಒಟ್ಟು ಕೊಡುವುದು 2.3 ಲಕ್ಷ! ಅದೇ ಬಾಕಿಯನ್ನು 15% ಬಡ್ಡಿಗೆ, 36 ಕಂತಿಗೆ ಇಳಿಸಿಕೊಂಡರೆ ಕಂತು ಸುಮಾರು 3,467. ಒಟ್ಟು 1.25 ಲಕ್ಷದ ಒಳಗೆ ಮುಗಿಯುತ್ತದೆ. ಜೇಬಿನಿಂದ ಪ್ರತಿ ತಿಂಗಳು ಹೋಗುವುದು ಹೆಚ್ಚುಕಡಿಮೆ ಅಷ್ಟೇ ಅಲ್ವಾ? ಈ ಲೆಕ್ಕ ಕಾಗದದ ಮೇಲೆ ಬರೆದಾಗಲೇ ನನಗೆ ಒಪ್ಪಂದದ ಕಡೆ ಮನಸ್ಸು ವಾಲಿದ್ದು.

ಬ್ಯಾಂಕಿನವರು ಮೊದಲು ಮುಂದಿಟ್ಟಿದ್ದು ಅದೇ 15% ಬಡ್ಡಿಗೆ 60 ಕಂತು. ಒಂದು ಲಕ್ಷಕ್ಕೆ 2,379 ಅಂದಾಗ ಹಗುರ ಅನ್ನಿಸುತ್ತದೆ, ಆದರೆ ಒಟ್ಟು 1.43 ಲಕ್ಷ ಆಗುತ್ತದೆ. ಕಂತು ಎಷ್ಟು ಅಂತ ಮಾತ್ರ ಕೇಳಬೇಡಿ, ಕೊನೆಗೆ ಒಟ್ಟು ಎಷ್ಟು ಕೊಡುತ್ತೇನೆ ಅಂತ ಕೇಳಿ. ಪ್ರೊಸೆಸಿಂಗ್ ಶುಲ್ಕವನ್ನೂ ಅದಕ್ಕೆ ಸೇರಿಸಿ.

ಒಪ್ಪಂದಕ್ಕೂ ಬೆಲೆ ಇದೆ. ಕಾರ್ಡ್ ಬಂದ್ ಆಯಿತು. ರಿಪೋರ್ಟಿನಲ್ಲಿ ಸಾಲದ ಷರತ್ತು ಬದಲಾಗಿದೆ ಅಂತ ದಾಖಲಾಯಿತು, ಹತ್ತಿರದಲ್ಲೇ ಮನೆ ಸಾಲ ಕೇಳುವವರಿಗೆ ಇದು ತೊಡಕು. ನಿಜವಾದ ಅಪಾಯ ಇನ್ನೊಂದು. ಕಂತು ತಪ್ಪಿದರೆ ಒಪ್ಪಂದ ರದ್ದಾಗಿ ಹಳೇ ಬಡ್ಡಿ ಮತ್ತೆ ಶುರುವಾಗುತ್ತದೆ ಎಂಬ ಷರತ್ತು ಪತ್ರದಲ್ಲೇ ಇತ್ತು. ಹಾಗಾಗಿ ಸರಾಸರಿ ಆದಾಯ ನೋಡಿ ಸಹಿ ಹಾಕಬೇಡಿ. ವರ್ಷದಲ್ಲಿ ಅತಿ ಕಷ್ಟದ ತಿಂಗಳು ಯಾವುದು, ಆ ತಿಂಗಳು ಬಾಡಿಗೆ, ಊಟ, ಔಷಧಿ ಕಳೆದು ಎಷ್ಟು ಉಳಿಯಿತು, ಅದನ್ನು ನೋಡಿ. ಅದರೊಳಗೆ ಕಂತು ಕೂರದಿದ್ದರೆ ಒಪ್ಪಂದ ಬೇಡ. ಆದಾಯ ಏರಿಳಿತ ಇರುವವರಿಗೆ ಇದು ತುಂಬಾ ಮುಖ್ಯ.

ಯಾರಾದರೂ ನಿಮ್ಮ ಸಾಲಕ್ಕೆ ಜಾಮೀನು ನಿಂತಿದ್ದರೆ, ಒಪ್ಪಂದದ ನಂತರ ಅವರ ಹೊಣೆ ಏನಾಗುತ್ತದೆ ಅಂತ ಮೊದಲೇ ಕೇಳಿ.

ಸೆಟ್ಲ್‌ಮೆಂಟ್ ಮಾಡಿ ಅಂತಲೂ ಕೆಲವರು ಅಂದರು. ಬಾಕಿಗಿಂತ ಕಡಿಮೆ ಮೊತ್ತ ಒಂದೇ ಸಲ ಕಟ್ಟಿ ಮುಗಿಸುವುದು. ಪೂರ್ತಿ ತೀರಿಸಿದ ಸಾಲ ಅಂತ ಅದು ದಾಖಲಾಗುವುದಿಲ್ಲ, ಮುಂದೆ ಸಾಲ ಸಿಗುವುದು ಕಷ್ಟ. ಕಂತು ಕಟ್ಟುವ ಶಕ್ತಿ ಇದ್ದಿದ್ದರಿಂದ ನನಗೆ ಬೇಡ ಅನ್ನಿಸಿತು. ಆದರೆ ಕೆಲಸವೇ ಹೋಗಿ, ಬಡ್ಡಿ ಕಟ್ಟಲೂ ಏನೂ ಉಳಿಯದವರು ಇದನ್ನು, ಅಥವಾ ದಿವಾಳಿ ಕಾನೂನಿನ ದಾರಿಯನ್ನು, ನಾಚಿಕೊಳ್ಳದೆ ವಿಚಾರಿಸಬೇಕು.

ಒಪ್ಪಂದವೇ ಸರಿ ಅನ್ನಿಸಿದರೆ ಬಡ್ಡಿ ದರ, ಕಂತಿನ ಸಂಖ್ಯೆ, ಒಟ್ಟು ಮೊತ್ತ ಮೂರೂ ಇರುವ ಪತ್ರ ಕೈಗೆ ಬರುವ ತನಕ ಮೊದಲ ಕಂತು ಕಟ್ಟಬೇಡಿ. ಫೋನಿನಲ್ಲಿ ಹೇಳಿದ ದರಕ್ಕೂ ನನಗೆ ಬಂದ ಮೊದಲ ಪತ್ರದ ದರಕ್ಕೂ ತಾಳೆ ಇರಲಿಲ್ಲ. ತಿದ್ದಿಸಿಕೊಂಡ ಮೇಲೆಯೇ ಸಹಿ ಹಾಕಿದೆ.