ಈರಮ್ಮನ ಬುರ್ರಕಥೆಯೋ, ಕಲಾಕೇಂದ್ರದ ತರಗತಿಯೋ?

ಬಳ್ಳಾರಿಯಲ್ಲಿ ಮಗುವಿಗೆ ಸಂಗೀತದ ರುಚಿ ಹತ್ತಿಸಬಯಸುವ ಪೋಷಕರು ಮನೆಯಲ್ಲೇ ಒಬ್ಬ ಕಲಾವಿದರ ಧ್ವನಿಮುದ್ರಣಗಳನ್ನು ಆಳವಾಗಿ ಕೇಳಿಸಬಹುದು, ಇಲ್ಲವೇ ಬಡಾವಣೆಯ ಮಕ್ಕಳ ಕಲಾಕೇಂದ್ರಕ್ಕೆ ಸೇರಿಸಬಹುದು.

ಮೊದಲನೆಯದಕ್ಕೆ ಸಂಡೂರು ತಾಲ್ಲೂಕಿನ ದರೋಜಿ ಈರಮ್ಮನವರಿಗಿಂತ ಉತ್ತಮ ಆಯ್ಕೆ ನನಗೆ ತೋರುವುದಿಲ್ಲ. 2014ರಲ್ಲಿ ನಿಧನರಾದ, ಓದು ಬರಹ ಕಲಿಯದ ಈ ಬುರ್ರಕಥೆ (ಹಾಡುತ್ತಾ ಕಥೆ ಹೇಳುವ ಜನಪದ ಕಲೆ) ಕಲಾವಿದೆ ಕಂಪ್ಲಿಯ ರಾಜಕುಮಾರ ಕುಮಾರರಾಮನ ಕಥೆಯೂ ಸೇರಿದಂತೆ ಹಲವು ಮಹಾಕಾವ್ಯಗಳನ್ನು ನೆನಪಿನಿಂದಲೇ ಹಾಡುತ್ತಿದ್ದರು. ಕಥೆ, ಹಾಡು, ಮಾತುಗಾರಿಕೆ ಒಂದೇ ಪ್ರಯೋಗದಲ್ಲಿ ಬೆರೆತಿರುವುದರಿಂದ, ಆಲಾಪ ಕೇಳಿ ಆಕಳಿಸುವ ಮಗುವೂ ಆ ರಾಜಕುಮಾರನಿಗೆ ಮುಂದೇನಾಯಿತೆಂದು ಕಿವಿಗೊಟ್ಟು ಕುಳಿತೀತು. ಖರ್ಚೂ ಇಲ್ಲವೆನ್ನಬಹುದು, ಆದರೆ ಹಿರಿಯರೊಬ್ಬರು ಪಕ್ಕದಲ್ಲಿದ್ದು ಹಳೆಯ ಮಾತುಗಳನ್ನು ಬಿಡಿಸಿ ಹೇಳಬೇಕು (ಮೊಬೈಲನ್ನು ಮಗುವಿನ ಕೈಗಿತ್ತು ಎದ್ದು ಹೋದರೆ ಅದು ಕಾರ್ಟೂನಿಗೆ ಜಾರುವುದು ಖಚಿತ).

ಮುಖ್ಯ ಕಲಾವಿದರ ಹಾಡಿಗೆ ಜೊತೆಗಾರರು ದನಿಗೂಡಿಸುವುದೇ ಬುರ್ರಕಥೆಯ ಜೀವಾಳವಾಗಿದ್ದು, ಆ ಕೂಡುಗಾರಿಕೆಯನ್ನು ಮಗು ಒಂಟಿಯಾಗಿ ಕೇಳಿ ಕಲಿಯಲಾರದು. ಓರಗೆಯವರೊಡನೆ ಹಾಡಿ ಕುಣಿಯುವ ಕಲಾಕೇಂದ್ರದ ಮೇಲುಗೈ ಇಲ್ಲಿದೆ. ಸೇರಿಸುವ ಮುನ್ನ ಒಂದು ತರಗತಿಯನ್ನು ಕುಳಿತು ನೋಡಿ, ಶಿಕ್ಷಕರೊಬ್ಬರಿಗೆ ಎಷ್ಟು ಮಕ್ಕಳು, ವಾದ್ಯಗಳು ಮಕ್ಕಳ ಕೈಗೆ ಸಿಗುತ್ತವೆಯೇ, ಬೇಸಿಗೆಯಲ್ಲಿ ತರಗತಿ ಬೆಳಿಗ್ಗೆಯೇ ಮುಗಿಯುತ್ತದೆಯೇ ಎಂದು ವಿಚಾರಿಸಬೇಕು.

ಸಂಕೋಚದ ಮಗುವಾದರೆ ಈರಮ್ಮನವರಿಂದ ಆರಂಭಿಸಿ. ತಟ್ಟೆ ಲೋಟ ಬಡಿಯುತ್ತಲೇ ಇರುವ ಮಗುವನ್ನು ನೇರವಾಗಿ ಕೇಂದ್ರಕ್ಕೆ ಕಳುಹಿಸಿ.